ಮೂಗಿಗೆ ಹಿಡಿದ ಚಪ್ಪಲಿ, ತಲೆಗೆ ಅಂಟಿಸಿದ ತಂತಿ



ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದ್ರಿ.

ಹೋದ ತಿಂಗಳು ನನ್ನ ತಂಗಿ ತನ್ನ ಮಗಳನ್ನ ಇಇಜಿ ಮಾಡಿಸೋಕೆ ಸಿರುಗುಪ್ಪದಿಂದ ಬಳ್ಳಾರಿಗೆ ಕರ್ಕೊಂಡು ಬಂದಿದ್ಲು. ಇಇಜಿ ಅಂದ್ರೆ ಮೆದುಳಿನ ಅಲೆಗಳ ಪರೀಕ್ಷೆ. ಹುಡುಗಿಗೆ ಸಣ್ಣಾಕಿ ಇದ್ದಾಗಿಂದ ಫಿಟ್ಸ್. ಗುಳಿಗೆ ತಪ್ಪದೆ ನುಂಗಿದ್ದಕ್ಕೆ ಮೂರು ವರ್ಷದಿಂದ ಒಂದು ಸಲವೂ ಬಿದ್ದಿರಲಿಲ್ಲ. ಒಂದು ಖಾಸಗಿ ಸೆಂಟರಿನವರು ಫೋನಿನಾಗ "ಎರಡು ದಿನ ಗುಳಿಗೆ ಬಿಟ್ಟು ಬರ್ರಿ" ಅಂದ್ರಂತೆ. ಚೀಟಿ ಬರೆದ ಡಾಕ್ಟರನ್ನ ಯಾರೂ ಕೇಳಲಿಲ್ಲ. ಬಸ್ಸಿಂದ ಇಳಿದ ಕೂಡಲೇ ಹುಡುಗಿ ಬಿದ್ದಳು. ನಾನು ಆಫೀಸಿನಿಂದ ಅರ್ಧ ದಿನ ರಜೆ ಬರೆದು ಓಡಿ ಹೋಗೋದ್ರಾಗ ಒಬ್ಬ ಕೈಯಾಗ ಬೀಗದ ಕೈ ಹಿಡಿಸಿದ್ದ, ಇನ್ನೊಬ್ಬ ತನ್ನ ಕಾಲಿನ ಚರ್ಮದ ಚಪ್ಪಲಿ ಬಿಚ್ಚಿ ಆಕೆ ಮೂಗಿಗೆ ಹಿಡಿದಿದ್ದ.

ನಮ್ಮ ತಾತ ಚಪ್ಪಲಿ ಹೊಲಿತಿದ್ದ. ಹೊಲಿದ ಕೈ ತಾಗಿದ್ರೆ ಮೈಲಿಗೆ, ಮೂರ್ಛೆ ಬಂದ್ರೆ ಮಾತ್ರ ಗೌಡರ ಮಗನ ಮೂಗಿಗೂ ಅದೇ ಚಪ್ಪಲಿ! ಚರ್ಮದ ವಾಸನೆಗೆ ಫಿಟ್ಸ್ ನಿಲ್ಲೋದಿಲ್ಲ. ಹೆಚ್ಚಿನವು ಒಂದೆರಡು ನಿಮಿಷದಾಗ ತಾವೇ ನಿಲ್ತಾವೆ, ಹೆಸರು ಚಪ್ಪಲಿಗೆ ಬರ್ತದೆ. ಮಾಡಬೇಕಾದ್ದು ಇಷ್ಟೇ: ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬ್ಯಾಡ್ರಿ, ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್ ಕರೀರಿ.

ಅವತ್ತು ರಾತ್ರಿ ಕೂತು ಈ ರೋಗದ ಚರಿತ್ರೆ ಓದಿದೆ. ನಾನು ಫೈಲು ನೋಡೋ ಗುಮಾಸ್ತ, ಡಾಕ್ಟರಲ್ಲ. ಆದ್ರೆ ಕಾಯ್ದೆ, ತಿದ್ದುಪಡಿ ಓದೋಕೆ ಬರ್ತದೆ.

1912ನೇ ಇಸವಿಯಿಂದ ಶುರು ಮಾಡೋಣ. ಆ ವರ್ಷ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಅನ್ನೋ ಯುವ ವೈದ್ಯ ಫಿನೋಬಾರ್ಬಿಟೋನ್ ಗುಳಿಗೆಯಿಂದ ಫಿಟ್ಸ್ ಕಡಿಮೆ ಆಗ್ತಾವೆ ಅಂತ ವರದಿ ಬರೆದ. ಅದೇ ವರ್ಷ ಬ್ರಿಟಿಷ್ ಸರ್ಕಾರ ಇಲ್ಲಿ ಇಂಡಿಯನ್ ಲೂನಸಿ ಆ್ಯಕ್ಟ್ ಮಾಡಿತು. ಅಲ್ಲಿ ಗುಳಿಗೆ, ಇಲ್ಲಿ ಹುಚ್ಚಾಸ್ಪತ್ರೆಯ ಕಾಯ್ದೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಾಗಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಇಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದ್ದು 1961ರಲ್ಲಿ. ಅಲ್ಲಿತನಕ ನಮ್ಮ ಕೇರಿಗಳಿಗೆ ನರರೋಗದ ಡಾಕ್ಟರ್ ಯಾರಿದ್ರು? ತಾಯತ, ಬೂದಿ, ಚಪ್ಪಲಿ, ಅಷ್ಟೇ.

ಇಇಜಿ ಕಥೆ ಇನ್ನೂ ವಿಚಿತ್ರ. 1924ರ ಜುಲೈನಲ್ಲಿ ಜರ್ಮನಿಯ ಯೆನಾ ಊರಲ್ಲಿ ಹಾನ್ಸ್ ಬರ್ಗರ್ ಅನ್ನೋ ಮನೋವೈದ್ಯ ಮನುಷ್ಯನ ಮೆದುಳಿನ ವಿದ್ಯುತ್ತನ್ನ ಮೊದಲ ಸಲ ದಾಖಲು ಮಾಡಿದ. ಐದು ವರ್ಷ ಗುಟ್ಟಾಗಿಟ್ಟು 1929ರಲ್ಲಿ ಪ್ರಕಟಿಸಿದ. ಮೊದಲು ಯಾರೂ ನಂಬಲಿಲ್ಲ. 1935ರ ಹೊತ್ತಿಗೆ ಅಮೆರಿಕದಲ್ಲಿ ಗಿಬ್ಸ್, ಲೆನಾಕ್ಸ್ ಮುಂತಾದವರು ಫಿಟ್ಸ್ ಇರೋರ ಅಲೆ ಬೇರೆ ಥರ ಇರ್ತದೆ ಅಂತ ತೋರಿಸಿದ್ರು. ಮೈಮೇಲೆ ದೆವ್ವ ಬಂದಿಲ್ಲ, ಮೆದುಳಿನ ವಿದ್ಯುತ್ತು ಏರುಪೇರಾಗಿದೆ ಅಂತ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ ಯಂತ್ರ ಅದು.

ಆದ್ರೆ 1933ರ ಜುಲೈ 14ಕ್ಕೆ ಹಿಟ್ಲರನ ಸರ್ಕಾರ ಒಂದು ಕಾಯ್ದೆ ಮಾಡಿತು. "ವಂಶದಿಂದ ಬರೋ ರೋಗ" ಇರೋರನ್ನ ಬಲವಂತವಾಗಿ ಸಂತಾನಹರಣ ಮಾಡೋ ಕಾಯ್ದೆ. ಪಟ್ಟಿಯಲ್ಲಿ ಮೂರ್ಛೆರೋಗವೂ ಇತ್ತು. ಅಂದಾಜು 4 ಲಕ್ಷ ಜನ ಬಲಿಯಾದ್ರು. ಆ ತೀರ್ಪು ಕೊಡೋ ನ್ಯಾಯಾಲಯದಲ್ಲಿ ಬರ್ಗರ್ ಕೂಡ ಕೂತಿದ್ದ! ಹಾಪ್ಟ್‌ಮನ್ ಯಹೂದಿ. ಗುಳಿಗೆ ಕೊಟ್ಟ ಆ ಮನುಷ್ಯನನ್ನ ಕೆಲಸದಿಂದ ತೆಗೆದು 1938ರಲ್ಲಿ ದಾಖಾವ್ ಶಿಬಿರಕ್ಕೆ ತಳ್ಳಿದ್ರು. ಬದುಕಿ ಅಮೆರಿಕ ಸೇರಿದ. ಹುಟ್ಟಿನಿಂದಲೇ ಕಳಂಕ ಅಂತ ಮುದ್ರೆ ಒತ್ತೋದು ಏನಂತ ನಮಗೆ ಬಿಡಿಸಿ ಹೇಳಬೇಕಾ?

ಜರ್ಮನಿ ಬಿಡ್ರಿ, ನಮ್ಮ ದೇಶಕ್ಕೆ ಬರ್ರಿ. ಹಿಂದೂ ಕೋಡ್ ಬಿಲ್ ತಡೆದಿದ್ದಕ್ಕೆ ಬಾಬಾಸಾಹೇಬರು 1951ರಲ್ಲಿ ರಾಜೀನಾಮೆ ಕೊಟ್ರು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂತು. ಅದರ 5ನೇ ಕಲಮಿನಲ್ಲಿ ಮೂರ್ಛೆರೋಗದ ಹೆಸರಿರಲಿಲ್ಲ. ಸೇರಿಸಿದ್ದು 1976ರಲ್ಲಿ, ತುರ್ತುಪರಿಸ್ಥಿತಿ ಕಾಲಕ್ಕೆ. ಪದೇ ಪದೇ ಮೂರ್ಛೆ ಬರೋರು ಮದುವೆಗೆ ಅರ್ಹರಲ್ಲ, ಆದ ಮದುವೆಯನ್ನೂ ಕೋರ್ಟಿನಲ್ಲಿ ರದ್ದು ಮಾಡಿಸಬಹುದು ಅಂತಾಯ್ತು. ಹುಚ್ಚಿನ ಪಕ್ಕದಲ್ಲೇ ಅದನ್ನೂ ಬರೆದಿದ್ರು. ಭಾರತೀಯ ಎಪಿಲೆಪ್ಸಿ ಸಂಘ ಬೆನ್ನು ಹತ್ತಿ ಹೋರಾಡಿದ ಮೇಲೆ 1999ರ ತಿದ್ದುಪಡಿಯಲ್ಲಿ ಆ ಪದ ಹೋಯ್ತು. ಕಾಯ್ದೆಯಿಂದ ಹೋಯ್ತು, ಮದುವೆ ಮಾತುಕತೆಯಿಂದ ಹೋಗಿಲ್ಲ.

ಇನ್ನೊಂದು ಮಾತು, ಹಂದಿ ತಿನ್ನೋ ಕೇರಿಯೋರಿಗೆ ಫಿಟ್ಸ್ ಬರ್ತದೆ ಅಂತ ಕೊಂಕು ಮಾತಾಡೋರಿಗೆ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಹೊಟ್ಟೆಯಲ್ಲಿ ಲಾಡಿಹುಳು ಆಗ್ತದೆ, ನಿಜ. ಆದ್ರೆ ಮೆದುಳಿಗೆ ಹೋಗೋದು ಆ ಹುಳುವಿನ ಮೊಟ್ಟೆ ನುಂಗಿದಾಗ. ಮೊಟ್ಟೆ ಇರೋದು ಮನುಷ್ಯನ ಮಲದಲ್ಲಿ. ಅದು ಸೇರಿದ ನೀರು ಕುಡಿದ್ರೆ, ತೊಳೆಯದ ಸೊಪ್ಪು ತಿಂದ್ರೆ ಶುದ್ಧ ಸಸ್ಯಾಹಾರಿಗೂ ಬರ್ತದೆ. ಮಾತಾಡಬೇಕಾದ್ದು ಚರಂಡಿ, ಶೌಚಾಲಯದ ಬಗ್ಗೆ.

ನಮ್ಮ ರಾಜ್ಯದಲ್ಲಿ ಈ ರೋಗದ ಲೆಕ್ಕ ಹಿಡಿದೋರೂ ಇದ್ದಾರೆ. 1990ರ ದಶಕದ ಶುರುವಿನಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಯಳಂದೂರು ತಾಲೂಕಿನಲ್ಲಿ 64,963 ಜನರ ಸಮೀಕ್ಷೆ ಮಾಡಿತು. ಅಲ್ಲಿ ಚಿಕಿತ್ಸೆಗೆ ಕೊಟ್ಟಿದ್ದು ಅಗ್ಗದ ಫಿನೋಬಾರ್ಬಿಟೋನ್, ಫೆನಿಟಾಯಿನ್. ನಿಮ್ಹಾನ್ಸ್‌ನ ಗೌರಿದೇವಿ ಅವರ ತಂಡ ಬೆಂಗಳೂರು ಭಾಗದಲ್ಲಿ ಮಾಡಿದ ಸಮೀಕ್ಷೆಯಲ್ಲಿ ಪಟ್ಟಣದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ 11.9 ಜನರಿಗೆ ಈ ರೋಗ ಇತ್ತು. ಹಳ್ಳಿಯಲ್ಲಿ ಎರಡು ಪಟ್ಟು, ನರರೋಗ ತಜ್ಞರು ಇರೋದು ಮಾತ್ರ ಪಟ್ಟಣದಲ್ಲಿ.

ಹುಡುಗಿ ವಿಷಯಕ್ಕೆ ಬರ್ತೀನಿ. ಹದಿನೈದು ದಿನ ಬಿಟ್ಟು ಬೇರೆ ಕಡೆ ಇಇಜಿ ಮಾಡಿಸಿದ್ವಿ. ಈ ಸಲ ಡಾಕ್ಟರೇ ಹೇಳಿದ್ರು: ಎಂದಿನಂತೆ ಗುಳಿಗೆ ನುಂಗಿಕೊಂಡೇ ಬರಬೇಕು, ಹೆಸರು, ಡೋಸು ಬರೆದು ತರಬೇಕು. ಕೆಲವು ಗುಳಿಗೆ ಅಲೆಗಳನ್ನ ಬದಲಿಸ್ತಾವೆ, ಓದೋರಿಗೆ ಅದು ಗೊತ್ತಿದ್ರೆ ಸಾಕು. ಕೆಲವರಿಗೆ ಗುಳಿಗೆ ಕಡಿಮೆ ಮಾಡಿ ಪರೀಕ್ಷೆ ಮಾಡೋದುಂಟು, ಆದ್ರೆ ಅದು ವಾರ್ಡಿನಲ್ಲಿ ಮಲಗಿಸಿಕೊಂಡು, ಡಾಕ್ಟರ ಕಣ್ಣೆದುರಿಗೆ. ಮನೆಯಾಗ ನಾವೇ ಏಕಾಏಕಿ ನಿಲ್ಲಿಸಿದ್ರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯ.

ತಲೆಗೆ ಎಣ್ಣೆ ಹಚ್ಚದೆ ತೊಳಕೊಂಡು ಬಂದಿದ್ಲು, ರಾತ್ರಿ ಕಡಿಮೆ ನಿದ್ದೆ ಮಾಡಿದ್ಲು. ಅಂಟು ಹಚ್ಚಿ ಇಪ್ಪತ್ತರಷ್ಟು ತಂತಿ ಕೂಡಿಸಿದ್ರು. "ಮಾಮ, ಕರೆಂಟ್ ಕೊಡ್ತಾರೇನು?" ಅಂದಳು. ಕೊಡೋದಿಲ್ಲವ್ವ, ನಿನ್ನ ತಲೆಯಾಗಿರೋ ಕರೆಂಟನ್ನೇ ಬರ್ಕೊಳ್ತಾರೆ ಅಂದೆ. ಜೋರಾಗಿ ಉಸಿರಾಡಿಸಿದ್ರು, ಕಣ್ಣಿಗೆ ಮಿಣಮಿಣ ದೀಪ ಹಾಕಿದ್ರು, ಸ್ವಲ್ಪ ಹೊತ್ತು ಮಲಗಿಸಿದ್ರು. ಒಂಚೂರೂ ನೋವಿಲ್ಲ.

ರಿಪೋರ್ಟ್ ನಾರ್ಮಲ್. ತಂಗಿ ಅಲ್ಲೇ ಕೈ ಮುಗಿದಳು, "ಅಣ್ಣ, ಕುರುಗೋಡಿನ ಗಂಡಿನ ಕಡೆಯೋರಿಗೆ ಇದನ್ನೇ ತೋರಿಸಿ ಏನೂ ಇಲ್ಲ ಅಂತೀವಿ" ಅಂದಳು. ಡಾಕ್ಟರ್ ತಡೆದ್ರು: ಆ ಅರ್ಧ ಗಂಟೆಯಲ್ಲಿ ಏನೂ ಕಾಣಲಿಲ್ಲ ಅಷ್ಟೇ, ರೋಗ ಇಲ್ಲ ಅಂತಲ್ಲ, ಗುಳಿಗೆ ಮುಂದುವರಿಸಬೇಕು. ಆಸ್ಪತ್ರೆ ವರಾಂಡದಾಗೇ ಅಣ್ಣ ತಂಗಿ ಜಗಳ ಆಡಿದ್ವಿ. "ನೀನು ಭಾಷಣ ಮಾಡ್ತೀಯ, ಮಗಳ ಮದುವೆ ಮಾಡೋಳು ನಾನು" ಅಂದಳು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಗಿನೇ ನಡುವೆ ಬಂದು "ನುಂಗೋಳು ನಾನು, ನಾನೇ ಹೇಳ್ತೀನಿ" ಅಂದಳು.

ಹೋದ ಭಾನುವಾರ ಕುರುಗೋಡಿಗೆ ಹೋಗಿದ್ವಿ. ರಿಪೋರ್ಟು, ಗುಳಿಗೆ ಡಬ್ಬಿ ಎರಡನ್ನೂ ಚಾಪೆ ಮೇಲೆ ಇಟ್ಟಳು. ಚಹಾ ಕೊಟ್ರು. ಇನ್ನೂ ಅವರ ಕಡೆಯಿಂದ ಫೋನ್ ಬಂದಿಲ್ಲ.