ಒಂದೇ ಕಂಪ್ಯೂಟರು, ಹದಿನಾಲ್ಕು ಯಜಮಾನರು

2008ರ ದೀಪಾವಳಿ ರಜೆ. ನಾನಾಗ ಬಳ್ಳಾರಿಯಲ್ಲಿ ಬಿಇ ಎರಡನೇ ವರ್ಷ. ಸಿರುಗುಪ್ಪದಲ್ಲಿ ಅಣ್ಣನ ಬೀಜ-ಗೊಬ್ಬರದ ಅಂಗಡಿ, ಅದರಲ್ಲೊಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು. ಇಡೀ ಮನೆತನಕ್ಕೆ ಅದೊಂದೇ ಕಂಪ್ಯೂಟರು. ಗೆಳೆಯ ಕೊಟ್ಟ ಸಿಡಿ ಹಾಕಿ ಲಿನಕ್ಸ್ ಇನ್‌ಸ್ಟಾಲ್ ಮಾಡೋಕೆ ಕೂತೆ. 'ಇಡೀ ಡಿಸ್ಕ್ ಬಳಸು' ಅನ್ನೋ ಆಯ್ಕೆ ಒತ್ತಿದ್ದು ನಾನೇ. ಲಿನಕ್ಸ್ ಬಂತು, ವಿಂಡೋಸ್ ಹೋಯ್ತು, ಅದರ ಜೊತೆ ಎರಡು ವರ್ಷದ ಉದ್ರಿ ಲೆಕ್ಕವೂ ಹೋಯ್ತು.

ಅಣ್ಣ ಬೈಯಲಿಲ್ಲ. "ಪೂರಾ ಹೋತೇನು?" ಅಂದ, ಅಷ್ಟೇ. ಮರುದಿನದಿಂದ ಬೈಕ್ ಹತ್ತಿ ಕುರುಗೋಡಿನ ತನಕ ಊರೂರು ತಿರುಗಿ, "ನಿಮ್ದು ಎಷ್ಟು ಬಾಕಿ ಐತ್ರೀ?" ಅಂತ ರೈತರನ್ನೇ ಕೇಳಿದ. ಆಮೇಲೆ ಎಷ್ಟೋ ದಿನ ನಾನು ಆ ಕಂಪ್ಯೂಟರ್ ಮುಟ್ಟಲಿಲ್ಲ.

ಇರೋದು ಒಂದೇ ಯಂತ್ರ, ಅದರ ಮೇಲೇ ಪ್ರಯೋಗವೂ ಆಗಬೇಕು, ದಿನದ ಕೆಲಸವೂ ನಡೀಬೇಕು. ಈ ತಾಪತ್ರಯ ನಮಗಿಂತ ನಲವತ್ತು ವರ್ಷ ಮೊದಲೇ ಐಬಿಎಂನವರಿಗೂ ಬಂದಿತ್ತು. ಆಗ ಕಂಪ್ಯೂಟರ್ ಅಂದ್ರೆ ಒಂದು ಕೋಣೆ ತುಂಬುವ ದುಬಾರಿ ಯಂತ್ರ. ಹೊಸ ಆಪರೇಟಿಂಗ್ ಸಿಸ್ಟಮ್ ಪರೀಕ್ಷೆ ಮಾಡಬೇಕಾದ್ರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕು. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಲೆಸ್ ಕೊಮೋ ಮತ್ತವರ ತಂಡ ಇದಕ್ಕೆ ಸಿಪಿ-40 ಅನ್ನೋ ಪ್ರೋಗ್ರಾಂ ಬರೆಯಿತು. 1967ರ ಜನವರಿಯಲ್ಲಿ ಅದು ಬಳಕೆಗೆ ಬಂತು. ಇದ್ದ ಒಂದೇ ಯಂತ್ರದೊಳಗೆ ಹದಿನಾಲ್ಕು ವರ್ಚುವಲ್ ಮಷೀನ್! ಪ್ರತಿಯೊಬ್ಬನಿಗೂ ಇಡೀ ಕಂಪ್ಯೂಟರ್ ತನ್ನದೇ ಅನ್ನೋ ಭಾವನೆ. ಒಬ್ಬನದು ಕೆಟ್ಟು ನಿಂತರೆ ಪಕ್ಕದವನಿಗೆ ಸುದ್ದಿಯೂ ಇಲ್ಲ. 1972ರಲ್ಲಿ ಐಬಿಎಂ ಇದನ್ನೇ ಬೆಳೆಸಿ ವಿಎಂ/370 ಅಂತ ಹೊರತಂದಿತು.

ಹಾಗಾದ್ರೆ ಡೆಸ್ಕ್‌ಟಾಪಿಗೆ ಬರೋಕೆ ಯಾಕಿಷ್ಟು ತಡ? 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಒಂದು ನಿಯಮ ಹೇಳಿದ್ರು. ಯಂತ್ರದ ಒಡೆತನವನ್ನೇ ಮುಟ್ಟುವ ಸೂಚನೆಯನ್ನು ಒಳಗಿನ ಅತಿಥಿ ಕೊಟ್ಟರೆ, ಅದು ತಪ್ಪದೆ ಮೇಲ್ವಿಚಾರಕನ ಕೈಗೆ ಸಿಕ್ಕಿಬೀಳಬೇಕು. ನಮ್ಮ ಡೆಸ್ಕ್‌ಟಾಪುಗಳ ಎಕ್ಸ್86 ಚಿಪ್ಪು ಇಲ್ಲೇ ಎಡವಿತ್ತು. ಪೆಂಟಿಯಂನಲ್ಲಿ ಇಂಥ 17 ಸೂಚನೆಗಳು ಸದ್ದಿಲ್ಲದೆ ನುಸುಳುತ್ತವೆ ಅಂತ 2000ದಲ್ಲಿ ಒಂದು ಅಧ್ಯಯನ ಎಣಿಸಿ ತೋರಿಸಿತು.

ಬಳ್ಳಾರಿಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಕಟ್ಟಿಸಿದ, ಆಮೇಲೆ ನೋಡಿದ್ರೆ ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ, ಸಿಟ್ಟಿಗೆ ಎಂಜಿನಿಯರನ್ನೇ ಗಲ್ಲಿಗೇರಿಸಿದ ಅನ್ನೋದು ನಮ್ಮೂರ ಕಡೆಯ ಕಥೆ. ಗೋಡೆ ಎಷ್ಟೇ ಗಟ್ಟಿಯಿದ್ರೂ ಕಾಣದ ಒಂದು ದಾರಿ ಸಾಕು.

1998ರಲ್ಲಿ ಶುರುವಾದ ವಿಎಂವೇರ್ ಗುಡ್ಡ ಕಡಿಯೋಕೆ ಹೋಗಲಿಲ್ಲ, ದಾರಿ ಕಾಯ್ತು. ಅತಿಥಿಯ ಅಪಾಯದ ಸೂಚನೆಗಳನ್ನು ಓಡುವ ಹೊತ್ತಿನಲ್ಲೇ ಬದಲಾಯಿಸುವ ಉಪಾಯ ಮಾಡಿ, 1999ರಲ್ಲಿ ವರ್ಕ್‌ಸ್ಟೇಷನ್ ತಂತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಚಿಪ್ಪಿನಲ್ಲೇ ದುರಸ್ತಿ ಮಾಡಿದವು. 2007ರ ಜನವರಿಯಲ್ಲಿ ಜರ್ಮನಿಯ ಇನ್ನೊಟೆಕ್ ಕಂಪನಿ ವರ್ಚುವಲ್‌ಬಾಕ್ಸ್‌ನ ಮುಕ್ತ ಆವೃತ್ತಿ ಬಿಟ್ಟಿತು. ನಮ್ಮಂಥವರ ಕೈಗೆ ಸಿಕ್ಕಿದ್ದು ಇದು.

2009ರಲ್ಲಿ ಅಣ್ಣನನ್ನ ಒಪ್ಪಿಸಿ ಅದೇ ಡೆಸ್ಕ್‌ಟಾಪಿನಲ್ಲಿ ಹಾಕಿದೆ. ಇದ್ದದ್ದು 1 ಜಿಬಿ ರ‍್ಯಾಮ್, ಅತಿಥಿಗೆ ಕೊಟ್ಟದ್ದು 384 ಎಂಬಿ. ಅದರ 8 ಜಿಬಿ ಡಿಸ್ಕ್ ಅಂದ್ರೆ ವಿಂಡೋಸ್ ಒಳಗಿನ ಬರೀ ಒಂದು ಫೈಲು. ಇನ್‌ಸ್ಟಾಲ್ ನಡುವೆ ಕರೆಂಟ್ ಹೋಯ್ತು. ಎದೆ ಧಸಕ್ಕಂತು. ಕರೆಂಟ್ ಬಂದ ಮೇಲೆ ನೋಡಿದ್ರೆ ಉದ್ರಿ ಲೆಕ್ಕ ಇದ್ದಲ್ಲೇ ಇದೆ. ಕೆಟ್ಟ ಫೈಲು ಅಳಿಸಿ ಮತ್ತೆ ಶುರು ಮಾಡಿದೆ. ಆ ರಜೆಯಲ್ಲಿ ಅಪಾಚೆ, ಮೈಎಸ್‌ಕ್ಯೂಎಲ್ ಎಲ್ಲ ಹಾಕಿ ಎಷ್ಟು ಸಲ ಕೆಡಿಸಿದೆನೋ! ಕೆಟ್ಟಾಗಲೆಲ್ಲ ಹಳೆಯ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗೋದು. ಮೊದಲ ನೌಕರಿಯ ಇಂಟರ್‌ವ್ಯೂನಲ್ಲಿ ನಾನು ಹೇಳಿದ ಉತ್ತರಗಳೆಲ್ಲ ಹಾಗೆ ಕೆಡಿಸಿ ಕಲಿತದ್ದು.

ನೀವೂ ಹಾಕೋದಾದ್ರೆ ಮೊದಲು ಬಯಾಸ್‌ನಲ್ಲಿ ವರ್ಚುವಲೈಸೇಷನ್ ಆನ್ ಇದೆಯಾ ನೋಡಿ. ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಅತಿಥಿಗೆ ಕೊಡಬೇಡಿ. ಸ್ನ್ಯಾಪ್‌ಶಾಟ್ ಇದೆ ಅಂತ ಮೈಮರೆಯಬೇಡಿ, ಅದೂ ಅದೇ ಡಿಸ್ಕಿನಲ್ಲೇ ಇರುತ್ತೆ. ಡಿಸ್ಕ್ ಹೋದ್ರೆ ಎರಡೂ ಹೋಗುತ್ತೆ.

ಅಂದ ಹಾಗೆ, ಅವತ್ತು ರೈತರು ನೆನಪಿನಿಂದ ಹೇಳಿದ ಲೆಕ್ಕ ಬಹುಪಾಲು ಸರಿ ಬಂತು. ಅಣ್ಣ ಈಗಲೂ ಕಂಪ್ಯೂಟರಿನಲ್ಲಿ ಬರೆದದ್ದನ್ನ ಸಂಜೆ ಕೆಂಪು ಖಾತೆ ಪುಸ್ತಕದಲ್ಲೂ ಬರೀತಾನೆ. ನಾನು ಊರಿಗೆ ಹೋದಾಗ ಮಾತ್ರ ಪುಸ್ತಕ ಸ್ವಲ್ಪ ಮೇಲಿನ ಕಪಾಟಿನಲ್ಲಿರುತ್ತೆ.