ರೋಗಿಯ ದಾಖಲೆಯಲ್ಲಿ ರೋಗಿಯ ಬದುಕು

ರೋಗಿಯ ಮೈಯನ್ನು ಪರೀಕ್ಷಿಸಿ ಬರೆದಿಡುವ ವೈದ್ಯನು ಅವನ ಮನೆಯನ್ನೂ ದುಡಿಮೆಯನ್ನೂ ಬರೆದಿಡಬೇಕೆ ಎಂಬ ಪ್ರಶ್ನೆಯು ಗಣಕಯಂತ್ರದೊಡನೆ ಹುಟ್ಟಿದುದಲ್ಲ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಅವರು ಸಮಾಜಸೇವೆಯ ವ್ಯವಸ್ಥೆಯೊಂದನ್ನು ಆರಂಭಿಸಿದರು. ಔಷಧವನ್ನು ಕೊಳ್ಳಲಾರದವನಿಗೆ, ವಿಶ್ರಾಂತಿ ವಿಧಿಸಿದರೂ ಒಂದು ದಿನದ ಕೂಲಿಯನ್ನು ಬಿಡಲಾರದವನಿಗೆ, ಚಿಕಿತ್ಸೆಯು ನಿಷ್ಫಲವೆಂಬುದೇ ಅದರ ಹಿಂದಿನ ವಿಚಾರ. ಅದನ್ನು ಬೆಳೆಸಿದವರಲ್ಲಿ ಐಡಾ ಕ್ಯಾನನ್ ಪ್ರಮುಖರು. ಭಾರತದಲ್ಲಿ ಮೊದಲ ವೈದ್ಯಕೀಯ ಸಮಾಜಸೇವಕರ ನೇಮಕವಾದುದು 1946ರಲ್ಲಿ, ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ.

ದಾಖಲೆಗಳು ವಿದ್ಯುನ್ಮಾನ ರೂಪಕ್ಕೆ ಬಂದಾಗಲಾದರೋ ರಕ್ತದೊತ್ತಡಕ್ಕಿದ್ದ ಸ್ಥಾನವು ಹಸಿವಿಗೆ ದೊರೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಇಂಥ ಸಂಗತಿಗಳಿಗೆಂದೇ ಝಡ್ 55ರಿಂದ ಝಡ್ 65ರವರೆಗಿನ ಸಂಕೇತಗಳಿದ್ದರೂ ಅವುಗಳ ಬಳಕೆ ವಿರಳವಾಗಿತ್ತು. 2014ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ಸಮಿತಿಯೊಂದು 12 ಅಳತೆಗಳನ್ನು ಸೂಚಿಸಿತು. ವಿದ್ಯಾಭ್ಯಾಸ, ಹಣದ ಅಡಚಣೆ, ಒಂಟಿತನ, ಸಂಗಾತಿಯಿಂದಾಗುವ ಹಿಂಸೆ ಇವು ಅವುಗಳಲ್ಲಿ ಸೇರಿದ್ದುವು.

ಬರೆದಿಡುವುದರಲ್ಲಿ ಅಪಾಯವೂ ಉಂಟು. ಕಾಗದದ ಕಡತವು ಒಂದು ಕಪಾಟಿನಲ್ಲಿರುತ್ತಿತ್ತು. ವಿದ್ಯುನ್ಮಾನ ದಾಖಲೆಯನ್ನು ಹಲವರು ಹಲವೆಡೆ ತೆರೆಯಬಲ್ಲರು. ಗಂಡನ ಹೊಡೆತವನ್ನು ವೈದ್ಯರಲ್ಲಿ ನಂಬಿ ಹೇಳಿದ ಹೆಣ್ಣಿನ ಮಾತು ಅದೇ ಗಂಡನ ಕಣ್ಣಿಗೆ ಬಿದ್ದರೆ, ದಾಖಲೆಯೇ ರೋಗಕ್ಕಿಂತ ಕ್ರೂರವಾದೀತು. ಬಡತನವನ್ನು ಕೇಳಿ ಬರೆದುಕೊಂಡು ಸುಮ್ಮನಾಗುವುದೂ ಅನ್ಯಾಯವೇ ಸರಿ. ಕ್ಯಾಬಟ್ ಅವರ ವ್ಯವಸ್ಥೆಯ ಗುರಿ ಬರಿಯ ಬರವಣಿಗೆಯಲ್ಲ, ರೋಗಿಗೆ ನೆರವಾಗುವುದು. ಆ ನೆರವಿನ ಕೈ ಇಲ್ಲದೆ ಸಂಕೇತಗಳೆಷ್ಟಿದ್ದರೂ ಹಸಿದವನಿಗೆ ಅನ್ನವಾಗದು.