ನಾಯಿಗಳ ಕ್ಯಾನ್ಸರ್ ಮತ್ತು ಆರೈಕೆ

ಕ್ಯಾನ್ಸರ್ ಎಂದರೆ ನಾಯಿಯ ದೇಹದ ಜೀವಕೋಶಗಳು ಹತೋಟಿ ಮೀರಿ ಬೆಳೆದು, ಅಕ್ಕಪಕ್ಕದ ಅಂಗಾಂಶಕ್ಕೆ ನುಗ್ಗಿ, ದೂರದ ಅಂಗಗಳಿಗೂ ಹರಡಬಲ್ಲ ರೋಗ. ವಯಸ್ಸಾದ ನಾಯಿಗಳಲ್ಲಿ ಹೆಚ್ಚು. ಚಿಕಿತ್ಸೆಯ ಗುರಿ ಬಹಳ ಸಲ ಪೂರ್ಣ ಗುಣವಲ್ಲ, ನೋವಿಲ್ಲದ ದಿನಗಳು. ಹೀಗಾಗಿ ಸಾಕಿದ ಮನೆಯವರ ಪಾಲು ವೈದ್ಯರ ಪಾಲಿನಷ್ಟೇ ದೊಡ್ಡದು.

ಮುಖ್ಯ ವಿಧಗಳು
ಹೆಣ್ಣು ನಾಯಿಗಳಲ್ಲಿ ಸ್ತನಗಡ್ಡೆ ಸಾಮಾನ್ಯ. ಇವುಗಳಲ್ಲಿ ಸುಮಾರು ಅರ್ಧದಷ್ಟು ಮಾರಕ. ಮೊದಲ ಬೆದೆಗೆ ಮುಂಚೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ನಾಯಿಗಳಲ್ಲಿ ಇದು ತೀರ ವಿರಳ. ದುಗ್ಧಗ್ರಂಥಿಗಳ ಲಿಂಫೋಮಾ, ಚರ್ಮದ ಮಾಸ್ಟ್ ಕೋಶ ಗಡ್ಡೆ, ದೊಡ್ಡ ತಳಿಗಳ ಕಾಲಿನ ಮೂಳೆ ಕ್ಯಾನ್ಸರ್ ಇತರ ಮುಖ್ಯ ಬಗೆಗಳು. ಬೀದಿನಾಯಿಗಳ ಜನನಾಂಗ ಗಡ್ಡೆ ಸಾಂಕ್ರಾಮಿಕ: ಕೂಡುವಾಗ ಜೀವಂತ ಕ್ಯಾನ್ಸರ್ ಕೋಶಗಳೇ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಇದು ಬಹುಪಾಲು ವಾಸಿಯಾಗುತ್ತದೆ. ಮನುಷ್ಯರಿಗೆ ಹರಡುವುದಿಲ್ಲ.

ಪತ್ತೆ ಮತ್ತು ಚಿಕಿತ್ಸೆ
ಬೆಳೆಯುತ್ತಿರುವ ಗಂಟು, ಮಾಯದ ಹುಣ್ಣು, ತೂಕ ಇಳಿಕೆ, ಬಿಡದ ಕುಂಟು, ಬಾಯಿಯ ದುರ್ವಾಸನೆ ಎಚ್ಚರಿಕೆಯ ಚಿಹ್ನೆಗಳು. ಸೂಜಿಯಿಂದ ತೆಗೆದ ಕೋಶಗಳ ಪರೀಕ್ಷೆ, ಬಯಾಪ್ಸಿ, ಎಕ್ಸ್‌ರೇ, ಸ್ಕ್ಯಾನಿಂಗ್‌ನಿಂದ ರೋಗದ ಬಗೆಯೂ ಹಂತವೂ ತಿಳಿಯುತ್ತವೆ. ಮೈಸೂರಿನವರು ಊರಿನ ಪಶುವೈದ್ಯರ ಬಳಿ ತಪಾಸಣೆ ಆರಂಭಿಸಿ, ಹೆಚ್ಚಿನ ಚಿಕಿತ್ಸೆ ಬೇಕಾದರೆ ಸುಮಾರು 145 ಕಿ.ಮೀ. ದೂರದ ಬೆಂಗಳೂರಿನತ್ತ ನೋಡಬಹುದು. ಪ್ರತಿ ಭೇಟಿಯ ಪ್ರಯಾಣ ದಣಿದ ನಾಯಿಗೆ ಹೊರೆ. ಚಿಕಿತ್ಸೆಯ ಯೋಜನೆ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದೇ ಕಡೆ ಇರುವ ಗಡ್ಡೆಗೆ ಶಸ್ತ್ರಚಿಕಿತ್ಸೆ ಮೊದಲ ದಾರಿ. ಚಿಕಿತ್ಸೆಯಿಲ್ಲದ ಲಿಂಫೋಮಾದಲ್ಲಿ ಆಯಸ್ಸು ಸಾಮಾನ್ಯವಾಗಿ 4–6 ವಾರ. ಹಲವು ಔಷಧಗಳ ಕಿಮೋಥೆರಪಿಯಿಂದ ಅದು ಒಂದು ವರ್ಷದ ಆಸುಪಾಸಿಗೆ ಏರಬಹುದು. ಬಹುತೇಕ ತಳಿಗಳಲ್ಲಿ ಕೂದಲು ಪೂರ್ತಿ ಉದುರುವುದಿಲ್ಲ. ವಾಂತಿ, ಭೇದಿ ಬರಬಹುದು. ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮನೆಯ ಆರೈಕೆ
ಊಟವನ್ನು ತುಸು ಬೆಚ್ಚಗೆ ಮಾಡಿ, ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡುವುದು ಒಳ್ಳೆಯದು. ಬೇಯಿಸಿದ ಮೊಟ್ಟೆ, ಕೋಳಿಮಾಂಸ ರುಚಿ ಹುಟ್ಟಿಸುತ್ತವೆ. ಕಿಮೋಥೆರಪಿಯ ಅವಧಿಯಲ್ಲಿ ಹಸಿಮಾಂಸ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷಕಾರಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವಾಗಿ ಕೊಡುವುದು ಅಪಾಯ. ನೋವಿನ ಔಷಧ ವೈದ್ಯರೇ ಬರೆಯಬೇಕು. ಗ್ರಾನೈಟ್, ರೆಡ್ ಆಕ್ಸೈಡ್ ನೆಲದಲ್ಲಿ ಕಾಲು ಜಾರದಂತೆ ಗೋಣಿಚೀಲ ಅಥವಾ ರಬ್ಬರ್ ಮ್ಯಾಟ್ ಹಾಸಬೇಕು. ಕಿಮೋ ಕೊಟ್ಟ ಮೇಲೆ ಎರಡು ಮೂರು ದಿನ ಮಲಮೂತ್ರವನ್ನು ಕೈಗವಸು ಹಾಕಿ ತೆಗೆಯಬೇಕು. ಗರ್ಭಿಣಿಯರು, ಮಕ್ಕಳು ಅದರಿಂದ ದೂರವಿರಬೇಕು.

ಬದುಕಿನ ಗುಣಮಟ್ಟ
ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ 2004ರಲ್ಲಿ ರೂಪಿಸಿದ ಅಳತೆಯಲ್ಲಿ ಏಳು ಅಂಶಗಳಿವೆ: ನೋವು, ಹಸಿವು, ದೇಹದ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೆ 10 ಅಂಕ. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದೆಂದು ಅರ್ಥ. ಅಂಕಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ನಿಧಾನವಾದ ಇಳಿಕೆಯೂ ಕಣ್ಣಿಗೆ ಬೀಳುತ್ತದೆ.

ದಯಾಮರಣ ಮತ್ತು ಅಗಲಿಕೆ
ನೋವು ಔಷಧಕ್ಕೆ ಬಗ್ಗದಿದ್ದಾಗ ಪಶುವೈದ್ಯರು ಅರಿವಳಿಕೆಯ ಹೆಚ್ಚಿನ ಪ್ರಮಾಣ ಕೊಟ್ಟು ನೋವಿಲ್ಲದ ಸಾವು ತರುವುದೇ ದಯಾಮರಣ. ಸಾಕಿದ ನಾಯಿಗಾಗಿ ಶೋಕಿಸುವುದು ಕನ್ನಡನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಸಾ.ಶ. 949–50ರ ವೀರಗಲ್ಲು, ಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ಸ್ಮಾರಕ. ಇಂದು ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮನೆಯ ಮಕ್ಕಳಿಗೆ ನಾಯಿ ‘ಊರಿಗೆ ಹೋಯಿತು’ ಎನ್ನುವುದಕ್ಕಿಂತ ಸತ್ತಿತೆಂದು ಸರಳವಾಗಿ ತಿಳಿಸುವುದೇ ಲೇಸು. ಇಲ್ಲದಿದ್ದರೆ ಅವರು ಅದರ ದಾರಿ ಕಾಯುತ್ತಲೇ ಇರುತ್ತಾರೆ.